ಮೋರೇರ ಮನೆಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಹಾಜನರಿಗೆ ಪುರಾತನ ಕಟ್ಟಡವೆಂದೊಡನೆ ತ್ರಿಕೂಟೇಶ್ವರನ ಗುಡಿಯೋ ಸೋಮೇಶ್ವರನ ಗುಡಿಯೋ ನೆನಪಾಗುವುದು ಸಹಜ. ಆದರೆ ಮುಂಡರಗಿಯಿಂದ ಪೂರ್ವಕ್ಕೆ ಹೊರಟು, ಕೊಪ್ಪಳವನ್ನು ದಾಟಿ ಗಂಗಾವತಿಯ ಕಡೆಗೆ ಸಾಗಿದರೆ, ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಈ ಗುಡಿಗಳಿಗಿಂತಲೂ ಬಹು ಹಳೆಯದಾದ ಊರೊಂದು ಕಾಣುವುದು. ಅದು ಬದುಕಿದ್ದವರ ಊರಲ್ಲ, ಸತ್ತವರ ಊರು.

ಅಲ್ಲಿ ಸುಮಾರು 400 ಶಿಲಾಸ್ಮಾರಕಗಳಿವೆ. ಬೆಟ್ಟದ ಬಂಡೆಯನ್ನೇ ಚಪ್ಪಡಿಗಳಾಗಿ ಸೀಳಿ, ಮಗ್ಗುಲಿಗೆ ನಿಲ್ಲಿಸಿ, ಮೇಲೊಂದನ್ನು ಹೊದಿಸಿದ್ದಾರೆ. ಕೆಲವು ಆಳೆತ್ತರವನ್ನು ಮೀರಿವೆ. ಹಲವಕ್ಕೆ ಒಂದು ಮಗ್ಗುಲಲ್ಲಿ ದುಂಡನೆಯ ಕಂಡಿಯುಂಟು. ಜನರು ಇವನ್ನು ‘ಮೋರೇರ ಮನೆ’ ಎನ್ನುವರು. ಕುಳ್ಳರಾದ ಮೋರೇರು ಈ ಕಂಡಿಯಿಂದ ನುಸುಳಿ ಒಳಗೆ ವಾಸವಾಗಿದ್ದರಂತೆ.

ಇಂಗ್ಲೆಂಡಿನ ದಕ್ಷಿಣಭಾಗದ ಸೀಮೆಸುಣ್ಣದ ದಿಣ್ಣೆಗಳ ಮೇಲೂ ಪ್ರಾಚೀನರ ಸಮಾಧಿಗಳುಂಟು. ಅಲ್ಲಿ ಬಿಳಿಯ ಸುಣ್ಣದ ಮಣ್ಣನ್ನು ಗುಡ್ಡೆ ಹಾಕಿದರು. ನಮ್ಮಲ್ಲಿ ಕಲ್ಲನ್ನು ನಿಲ್ಲಿಸಿದರು. ಅಲ್ಲಿಯ ವೆಸ್ಟ್ ಕೆನೆಟ್ ದಿಬ್ಬವು ಸುಮಾರು ಕ್ರಿ. ಪೂ. 3650ರದು, ನಮ್ಮವು ಕಬ್ಬಿಣದ ಕಾಲದವು, ಎರಡು ಸಾವಿರಕ್ಕೂ ಹೆಚ್ಚು ವರ್ಷ ಈಚಿನವು. ಆದುದರಿಂದ ಒಬ್ಬರಿಂದೊಬ್ಬರು ಕಲಿತರೆಂದು ಭಾವಿಸಬೇಕಾಗಿಲ್ಲ. ಮರಣದ ದುಃಖವೊಂದೇ, ಅದಕ್ಕೆ ಆಯಾ ನೆಲವು ಒದಗಿಸಿದ ಸಾಮಗ್ರಿ ಬೇರೆ.

ಹಾಗಾದರೆ ಇವು ಮನೆಗಳಲ್ಲವೆಂದು ತಿಳಿದುದು ಹೇಗೆ? ಇಂಥ ಗೋರಿಗಳನ್ನು ಅಗೆದು ನೋಡಿದುದರಿಂದ. 1947ರಲ್ಲಿ ಮಾರ್ಟಿಮರ್ ವ್ಹೀಲರರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆಯಿಸಿದಾಗ, ಕಲ್ಲುಗೋರಿಗಳಲ್ಲಿ ಎಲುಬುಗಳೂ ಕಪ್ಪು-ಕೆಂಪು ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತವು. ಎಲುಬುಗಳು ಇಡಿಯ ದೇಹದ ಕ್ರಮದಲ್ಲಿರಲಿಲ್ಲ. ದೇಹವು ಬೇರೆಡೆ ಕರಗಿದ ಬಳಿಕ ಆಯ್ದು ತಂದಿಟ್ಟವೆಂದು ಅದರಿಂದ ತಿಳಿಯಿತು. ಕಂಡಿಯು ಬದುಕಿದ್ದವನು ನುಸುಳಲಿಕ್ಕಲ್ಲ, ಎಲುಬು ಕಾಣಿಕೆಗಳನ್ನು ಒಳಗಿಡಲಿಕ್ಕೆಂದು ಊಹಿಸಬಹುದು.

ಇಲ್ಲಿ ಒಂದು ಮಾತನ್ನು ಅರಿಕೆ ಮಾಡಬೇಕಾಗಿದೆ. ನಿಧಿಯ ಆಸೆಯಿಂದ ಇಂಥ ಗೋರಿಗಳನ್ನು ಕೆಡಹುವವರುಂಟು. ಅವರಿಗೆ ಸಾಮಾನ್ಯವಾಗಿ ಸಿಕ್ಕುವುದು ಒಡಕು ಮಡಕೆ. ಆದರೆ ಆ ಮಡಕೆ ಎಲ್ಲಿ, ಯಾವುದರ ಪಕ್ಕದಲ್ಲಿತ್ತೆಂಬುದೇ ನಿಜವಾದ ನಿಧಿ; ಒಮ್ಮೆ ಕದಲಿತೆಂದರೆ ಅದು ಮತ್ತೆ ಯಾರಿಗೂ ದೊರೆಯದು. 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಪಟ್ಟಿಯು ಕಲ್ಲನ್ನು ಕಾಯಲಾರದು, ನೆರೆಹೊರೆಯವರು ಕಾಯಬೇಕು.

ನಮ್ಮಲ್ಲಿ ಹೂಳುವವರೂ ಉಂಟು, ಅಸ್ಥಿಯನ್ನು ತುಂಗಭದ್ರೆಗೆ ಬಿಡುವವರೂ ಉಂಟು. ಎರಡರಲ್ಲಿಯೂ ಇರುವ ಭಕ್ತಿಯೊಂದೇ. ಹೆಸರು ತಿಳಿಯದ ಆ ಹಿರಿಯರೂ ತಮ್ಮವರ ಎಲುಬನ್ನು ಆಯ್ದು, ಬೆಟ್ಟವನ್ನೇರಿ, ಕಲ್ಲಿನ ಮನೆಯೊಳಗೆ ಮಲಗಿಸಿದರು. ಅದರ ಮೇಲೆ ಹಾರೆ ಎತ್ತುವುದು ನಮಗೆ ತಕ್ಕುದೇ ಎಂಬುದನ್ನು ನಾವೆಲ್ಲರೂ ವಿಚಾರಿಸಬೇಕು.