ಮರದ ನೆಲಕ್ಕೆ ನೀರೇ ಶತ್ರು

ನೆಲ ಶುಚಿಯಾಗಬೇಕಾದರೆ ನಮಗೆ ಬಕೆಟ್‌ಗಟ್ಟಲೆ ನೀರು ಬೇಕು. ಗಾರೆ ನೆಲಕ್ಕೆ, ಕಡಪಾ ಕಲ್ಲಿಗೆ ಅದು ಸರಿಯೇ. ಮರದ ನೆಲಕ್ಕೆ ಮಾತ್ರ ನೀರೇ ಶತ್ರು. ಕಡಿದು ಹಲಗೆಯಾದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಉದ್ದಕ್ಕೆ ಅದು ಅಷ್ಟಾಗಿ ಹಿಗ್ಗದು, ಹಿಗ್ಗುವುದು ಅಗಲಕ್ಕೆ. ಮಳೆಗಾಲದಲ್ಲಿ ಮಲೆನಾಡಿನ ಮನೆಗಳ ಬಾಗಿಲು ಬಿಗಿಯಾಗುವುದೂ ಇದರಿಂದಲೇ. ಸಂದಿಯಲ್ಲಿ ನೀರು ಇಳಿದರೆ ಹಲಗೆಯ ಅಡಿಭಾಗ ಹೆಚ್ಚು ಉಬ್ಬಿ ಅಂಚುಗಳು ಮೇಲೇಳುತ್ತವೆ.

ಜಪಾನೀಯರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ನೆಲ ಒರೆಸುತ್ತಾರೆ, ಬಟ್ಟೆಯನ್ನು ಚೆನ್ನಾಗಿ ಹಿಂಡಿಕೊಂಡು. ವಾರ್ನಿಶ್ ಬಳಿಯದ ನೆಲವನ್ನು ಹಿಂದೆ ಅಕ್ಕಿಯ ತೌಡಿನ ಗಂಟಿನಿಂದ ಉಜ್ಜುತ್ತಿದ್ದರು. ತೌಡಿನ ಎಣ್ಣೆ ಮರಕ್ಕೆ ಹೊಳಪು ಕೊಡುತ್ತಿತ್ತು. ನಾವು ದನಕ್ಕೆ ಹಾಕುವ ತೌಡೇ ಅದು!

ನಿಮ್ಮ ಮನೆಯಲ್ಲಿ ಮರದ ನೆಲವಿದ್ದರೆ ಮೊದಲು ಮೆತ್ತನೆಯ ಪೊರಕೆಯಿಂದ ಮರಳು ಗುಡಿಸಿ. ಗೀರು ಬೀಳುವುದು ಅದರಿಂದ. ಚೆಲ್ಲಿದ ನೀರನ್ನು ಕೂಡಲೇ ಒರೆಸಿ. ಕೆಟ್ಟ ನೆಲವನ್ನು ಉಪ್ಪುಕಾಗದದಿಂದ ತಿಕ್ಕಿ ಸರಿಪಡಿಸಬಹುದು, ನಿಜ. ಆದರೆ ಪ್ರತಿಸಲವೂ ಹಲಗೆ ತೆಳುವಾಗುತ್ತದೆ. ಸವೆದ ಹಲಗೆ ಮತ್ತೆ ಬೆಳೆಯದು. ಅದಕ್ಕೆ ಬದಲಾಗಿ ಇನ್ನೊಂದು ಮರವೇ ಉರುಳಬೇಕು.