ಸುಸ್ಥಿರತೆಯ ಅರಿವು ಮತ್ತು ಅದರ ಅಳತೆ



ಅನ್ನದಾನ ವಿದ್ಯಾದಾನಗಳು ಮಠಗಳಿಗೆ ಎರಡು ಕಣ್ಣುಗಳಿದ್ದಂತೆ ಎಂಬುದು ಎಲ್ಲರೂ ಬಲ್ಲ ಮಾತು. ಕನ್ನಡನಾಡಿನ ಮಠಗಳು ನಡೆಯಿಸಿಕೊಂಡು ಬಂದಿರುವ ಉಚಿತ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ನಾಲ್ಕು ಜನರಿಗೆ ಉಪಕಾರಿಗಳಾಗಿ ಬಾಳಿದವರ ಸಂಖ್ಯೆಯು ಅಲ್ಪವಲ್ಲ. ಮಹೋತ್ಸವದ ಕಾಲದಲ್ಲಿ ಹಿಂದೆ ನಡೆದ ಸೇವೆಯನ್ನು ಸ್ಮರಿಸುವುದು ಹೇಗೆ ಯುಕ್ತವೋ, ಮುಂದೆ ಉಳಿಯಬೇಕಾದುದು ಯಾವುದು, ಅದನ್ನು ಉಳಿಸಬಲ್ಲ ಅರಿವು ಎಳೆಯರಲ್ಲಿ ಎಷ್ಟಿದೆ ಎಂದು ವಿಚಾರಿಸುವುದೂ ಹಾಗೆಯೇ ಯುಕ್ತವು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಸುಸ್ಥಿರತೆಯ ವಿಷಯದಲ್ಲಿ ಏನನ್ನು ಬಲ್ಲರು, ಆ ತಿಳಿವನ್ನು ಅಳೆಯುವ ಬಗೆ ಯಾವುದು ಎಂಬುದೇ ಈ ಉಪನ್ಯಾಸದ ವಿಷಯವು.

ಸುಸ್ಥಿರತೆ ಎಂಬ ಶಬ್ದವು ಹೊಸದು. ಅದರ ಅರ್ಥವು ಒಕ್ಕಲುಮನೆಗಳಲ್ಲಿ ಬಹು ಹಳೆಯದು. ಎಂತಹ ಬರಗಾಲ ಬಂದರೂ ಬಿತ್ತನೆಯ ಬೀಜವನ್ನು ಕುಟ್ಟಿ ಉಣ್ಣಬಾರದೆಂದು ಹಿರಿಯರು ಕಟ್ಟುಮಾಡಿದ್ದರಷ್ಟೆ. ನಾರ್ವೆ ದೇಶದ ಗ್ರೋ ಹಾರ್ಲೆಂ ಬ್ರುಂಟ್‌ಲಂಡ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ನಡೆದ ಆಯೋಗವು 1987ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ವರದಿಯ ಸಾರವೂ ಇದೇ ಆಗಿರುವುದು. ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ನಾಳೆ ಹುಟ್ಟುವವರ ಪಾಲನ್ನು ಕಸಿದುಕೊಳ್ಳಬಾರದು. ಈ ತತ್ತ್ವಕ್ಕೆ ಮೂರು ಅಂಗಗಳುಂಟು: ಪ್ರಕೃತಿಯ ರಕ್ಷಣೆ, ಹದವರಿತ ಆರ್ಥಿಕ ವ್ಯವಹಾರ, ಸಮಾಜದಲ್ಲಿ ನ್ಯಾಯ. ಮೂರರಲ್ಲಿ ಒಂದು ಮುರಿದರೂ ಉಳಿದೆರಡು ನಿಲ್ಲಲಾರವು. ಗಿಡ ನೆಡುವುದು ಮಾತ್ರವೇ ಸುಸ್ಥಿರತೆಯೆಂದು ತಿಳಿದವನು ಮೂರರಲ್ಲಿ ಒಂದನ್ನು ಮಾತ್ರ, ಅದರಲ್ಲಿಯೂ ಒಂದು ತುಣುಕನ್ನು ಮಾತ್ರ, ಬಲ್ಲವನೆಂದು ಹೇಳಬೇಕು.

ಈ ವಿದ್ಯೆಯನ್ನು ಕಾಲೇಜುಗಳಲ್ಲಿ ಕಲಿಸಬೇಕೆಂಬುದು ಈ ದೇಶದಲ್ಲಿ ಕೇವಲ ಹಿತವಚನವಾಗಿ ಉಳಿದಿಲ್ಲ. ಎಂ. ಸಿ. ಮೆಹ್ತಾ ಎಂಬ ನ್ಯಾಯವಾದಿಗಳು ತಂದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ಪರಿಸರ ಶಿಕ್ಷಣದ ವಿಷಯವಾಗಿ ಆಜ್ಞೆಯನ್ನಿತ್ತಿತು. ತರುವಾಯ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಎಲ್ಲಾ ಶಾಖೆಗಳ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ಆರು ತಿಂಗಳ ಪಠ್ಯಕ್ರಮವನ್ನು ಸಿದ್ಧಪಡಿಸಿತು. ಆ ಪಠ್ಯಕ್ರಮದಲ್ಲಿ 50 ಉಪನ್ಯಾಸಗಳನ್ನು ಗೊತ್ತುಮಾಡಲಾಗಿತ್ತು. 100 ಅಂಕಗಳಲ್ಲಿ 75 ಅಂಕಗಳು ಬರವಣಿಗೆಯ ಪರೀಕ್ಷೆಗೆ. ಉಳಿದ 25 ಅಂಕಗಳು ಹತ್ತಿರದ ನದಿ, ಬೆಟ್ಟ, ಕೆರೆ, ಮಲಿನವಾದ ಸ್ಥಳ ಮೊದಲಾದುವನ್ನು ಕಣ್ಣಾರೆ ಕಂಡು ಬರೆಯುವ ಕ್ಷೇತ್ರಕಾರ್ಯಕ್ಕೆ. 2023ರಲ್ಲಿ ಆಯೋಗವು ಪದವಿ ತರಗತಿಗಳ ಪರಿಸರ ಶಿಕ್ಷಣಕ್ಕೆ ಹೊಸ ಮಾರ್ಗದರ್ಶಿಯನ್ನೂ ಹೊರಡಿಸಿತು. ಹೀಗೆ ಪಾಠವು ಉಂಟು, ಪುಸ್ತಕವು ಉಂಟು, ಪರೀಕ್ಷೆಯೂ ಉಂಟು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದವರೆಲ್ಲರೂ ವಿಷಯವನ್ನು ಅರಿತವರೆಂದು ಹೇಳಬಹುದೆ?

ಈ ಪ್ರಶ್ನೆಗೆ ಬೆಂಗಳೂರಿನ ಹಳೆಯ ಬಡಾವಣೆಗಳ ನಡುವೆಯೇ ನಿಂತು ಉತ್ತರವನ್ನು ಹುಡುಕುವುದು ಒಳ್ಳೆಯದು. ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು, ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು, ಮಲ್ಲೇಶ್ವರದಲ್ಲಿ ಎಂ.ಇ.ಎಸ್. ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳಿರುವುವು. ಇಂತಹ ಯಾವುದಾದರೊಂದು ಕಾಲೇಜಿನ ವಿದ್ಯಾರ್ಥಿಯನ್ನು ಎರಡೇ ಪ್ರಶ್ನೆಗಳನ್ನು ಕೇಳಿದರೆ ಸಾಕು: ನೀನು ಕುಡಿಯುವ ನೀರು ಎಲ್ಲಿಂದ ಬರುತ್ತದೆ? ನೀನು ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ?

ಈ ಬಡಾವಣೆಗಳು ಮೈದಳೆಯುತ್ತಿದ್ದ 1890ರ ದಶಕದಲ್ಲಿಯೇ ಹೆಸರಘಟ್ಟದಿಂದ ನಗರಕ್ಕೆ ಕೊಳಾಯಿಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು, ಅದೂ ಸಾಲದೆ 1974ರಲ್ಲಿ ಕಾವೇರಿಯ ಮೊದಲನೆಯ ಹಂತವು ಒದಗಿದುವು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವು ದಿನವೊಂದಕ್ಕೆ 77 ಕೋಟಿ 50 ಲಕ್ಷ ಲೀಟರು ನೀರನ್ನು ತರುವುದಕ್ಕಾಗಿ ಆದುದು. ಈ ಕಾವೇರಿಯ ನೀರು ತಾನಾಗಿ ಹರಿದು ಬರುವುದಲ್ಲ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ವಿದ್ಯುಚ್ಛಕ್ತಿಯ ಬಲದಿಂದ ಮೇಲೆತ್ತಲ್ಪಟ್ಟು ಬರುವುದು. ಕೊಳಾಯಿಯನ್ನು ತಿರುಗಿಸಿ ಬಿಟ್ಟುಹೋದವನು ನೀರನ್ನು ಮಾತ್ರವಲ್ಲ, ಆ ಶಕ್ತಿಯನ್ನೂ ಚರಂಡಿಗೆ ಹರಿಸಿದನೆಂದೇ ತಿಳಿಯಬೇಕು.

ಹೀಗೆ ಬಂದು ಬಳಕೆಯಾದ ನೀರಿನ ಒಂದು ಭಾಗವು ವೃಷಭಾವತಿಯ ಕಣಿವೆಗೆ ಇಳಿಯುವುದು. ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿತೆಂದು ಭಕ್ತರು ನಂಬಿರುವ ಆ ಹೊಳೆಯು ಊರಿನ ಕೊಳೆಯನ್ನು ಹೊತ್ತು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನೇ ಕೂಡುತ್ತದೆ. ಆ ಕೆರೆಯ ಅಚ್ಚುಕಟ್ಟಿನ ರೈತರು ಅದೇ ನೀರನ್ನು ಗದ್ದೆಗೆ ಹಾಯಿಸಬೇಕಾಗಿ ಬಂದಿರುವುದು. ಪಟ್ಟಣದ ವಿದ್ಯಾವಂತನ ಮನೆಯ ಕೊಳೆಯು ಹಳ್ಳಿಯ ಒಕ್ಕಲಿನ ಪಾಲಿಗೆ ಹೋಗುವುದೆಂದ ಮೇಲೆ, ಇದು ಪ್ರಕೃತಿಯ ಮಾತು ಮಾತ್ರವಲ್ಲ, ನ್ಯಾಯದ ಮಾತೂ ಅಹುದು. ಜಲಮಾಲಿನ್ಯದ ಕಾರಣಗಳು ಐದು ಎಂದು ಬರೆದು ಪೂರ್ಣ ಅಂಕಗಳನ್ನು ಪಡೆದ ವಿದ್ಯಾರ್ಥಿಯು ಈ ಹೊಳೆಯ ಹೆಸರನ್ನೇ ಅರಿಯದಿದ್ದರೆ ಅವನು ಕಲಿತುದು ಪ್ರಬಂಧವನ್ನೇ ಹೊರತು ವಿಷಯವನ್ನಲ್ಲ.

ಇನ್ನು ಅಳತೆಯ ಬಗೆಗಳನ್ನು ನೋಡಬಹುದು. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ವಿದ್ವಾಂಸರು ವಿದ್ಯಾರ್ಥಿಗಳ ಸುಸ್ಥಿರತೆಯ ತಿಳಿವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರಚಿಸಿ 2014ರಲ್ಲಿ ಪ್ರಕಟಿಸಿದರು. ಪರಿಸರ, ಆರ್ಥಿಕತೆ, ಸಮಾಜ ಎಂಬ ಮೂರು ಅಂಗಗಳಿಗೂ ಅದರಲ್ಲಿ ಪ್ರಶ್ನೆಗಳುಂಟು. ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಸುಲಿಟೆಸ್ಟ್ ಎಂಬ ಪರೀಕ್ಷೆಯು ಆರಂಭವಾಯಿತು. ಅದರಲ್ಲಿ ಸರ್ವದೇಶಗಳಿಗೂ ಸಮಾನವಾದ ಪ್ರಶ್ನೆಗಳ ಜೊತೆಗೆ ಆಯಾ ದೇಶಕ್ಕೆ ಹೊಂದುವ ಪ್ರಶ್ನೆಗಳಿಗೂ ಎಡೆಯಿತ್ತು. ಇವಕ್ಕೆ ಬಹು ಮೊದಲೇ, 1978ರಲ್ಲಿ, ಡನ್‌ಲ್ಯಾಪ್ ಮತ್ತು ವ್ಯಾನ್ ಲಿಯರ್ ಎಂಬವರು ಪ್ರಕೃತಿಯ ವಿಷಯದಲ್ಲಿ ಜನರ ಮನೋಭಾವವನ್ನು ಅಳೆಯುವ ಮಾನವೊಂದನ್ನು ಮಾಡಿದ್ದರು. ಇವುಗಳಿಂದ ಒಂದು ವಿವೇಕವು ದೊರೆಯುವುದು: ತಿಳಿವು ಬೇರೆ, ಮನೋಭಾವ ಬೇರೆ, ನಡತೆ ಬೇರೆ. ಒಂದನ್ನು ಅಳೆದು ಮೂರನ್ನೂ ಅಳೆದೆವೆಂದು ಹೇಳುವುದು ಸಲ್ಲದು.

ಪ್ರಶ್ನಾವಳಿಯ ಅಂಕಗಳನ್ನು ಓದುವುದರಲ್ಲಿಯೂ ಎಚ್ಚರವು ಬೇಕು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ 40 ಪ್ರಶ್ನೆಗಳಿವೆಯೆಂದು ಇಟ್ಟುಕೊಳ್ಳಿರಿ. ಏನೂ ಅರಿಯದವನು ಕಣ್ಣುಮುಚ್ಚಿ ಗುರುತುಹಾಕಿದರೂ ಸುಮಾರು 10 ಸರಿಯಾಗುವುವು. ಒಬ್ಬನಿಗೆ 16 ಸರಿ, 24 ತಪ್ಪು ಬಂದುವೆನ್ನೋಣ. ತಪ್ಪಾದುವೆಲ್ಲವೂ ಊಹೆಯಿಂದ ಬರೆದವಾದರೆ, ಮೂರು ತಪ್ಪುಗಳಿಗೆ ಒಂದರಂತೆ 8 ಉತ್ತರಗಳು ಅದೃಷ್ಟದಿಂದ ಸರಿಯಾದುವು; ನಿಜವಾಗಿ ಬಲ್ಲವು ಉಳಿದ 8 ಮಾತ್ರ. ನೂರಕ್ಕೆ 40 ಎಂದು ತೋರುವ ಅರಿವು ವಾಸ್ತವವಾಗಿ 20 ಆಗಿರಬಹುದು. ಅದಲ್ಲದೆ, ಎಲ್ಲರೂ ಸರಿಯಾಗಿ ಉತ್ತರಿಸುವ ಪ್ರಶ್ನೆಯಿಂದಲೂ ಯಾರೂ ಉತ್ತರಿಸಲಾರದ ಪ್ರಶ್ನೆಯಿಂದಲೂ ಪ್ರಯೋಜನವಿಲ್ಲ. ಬಲ್ಲವನನ್ನೂ ಅರಿಯದವನನ್ನೂ ಬೇರ್ಪಡಿಸದ ಪ್ರಶ್ನೆಯು ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸದ ಮೊರಕ್ಕೆ ಸಮಾನವು.

ಯಾರನ್ನು ಕೇಳಬೇಕೆಂಬುದು ಮತ್ತೊಂದು ವಿಚಾರ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯಲ್ಲಿ ಜಾಣನಾದ ಕೊಳ್ಳುಗನು ರಾಶಿಯ ಮೇಲಿನ ಕಾಯನ್ನು ಮಾತ್ರ ಬಿಡಿಸಿ ನೋಡಿ ಬೆಲೆ ಕಟ್ಟುವುದಿಲ್ಲ. ಮೇಲಿನಿಂದಲೂ ನಡುವಿನಿಂದಲೂ ಅಡಿಯಿಂದಲೂ ನಾಲ್ಕಾರು ಕಾಯಿಗಳನ್ನು ತೆಗೆದು ಬಿಡಿಸುವನು. ಪರಿಸರ ಸಂಘದ ಉತ್ಸಾಹಿಗಳನ್ನೂ ವಿಜ್ಞಾನದ ವಿದ್ಯಾರ್ಥಿಗಳನ್ನೂ ಮಾತ್ರ ಕೇಳಿ ಇಡೀ ಕಾಲೇಜಿನ ಅರಿವು ಇಷ್ಟೆಂದು ಸಾರುವುದು ರಾಶಿಯ ಮೇಲಿನ ಕಾಯಿಂದ ಬೆಲೆ ಕಟ್ಟಿದಂತೆಯೇ ಸರಿ. ವಾಣಿಜ್ಯದವರು, ಸಾಹಿತ್ಯದವರು, ಹಳ್ಳಿಯವರು, ಪಟ್ಟಣದವರು, ಹುಡುಗಿಯರು, ಹುಡುಗರು ಎಲ್ಲರಿಂದಲೂ ಪಕ್ಷಪಾತವಿಲ್ಲದೆ ಆಯ್ದು ಕೇಳಬೇಕು.

ಇಲ್ಲಿ ಮಠದ ಭಕ್ತರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ಬಯಲುಸೀಮೆಯ ಹಳ್ಳಿಯಿಂದ ಬಂದು ಬೆಂಗಳೂರಿನ ಕಾಲೇಜಿಗೆ ಸೇರಿದ ಹುಡುಗನು ಕೆರೆಯ ತೂಬೆಂದರೇನು, ಕೋಡಿಯೆಂದರೇನು, ಹೂಳು ತುಂಬಿದರೆ ಏನಾಗುವುದು, ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದುದು ಹೇಗೆ ಎಂಬುದನ್ನು ತನ್ನ ಅಜ್ಜನ ಬಾಯಿಂದ ಕೇಳಿ ಬಲ್ಲವನಾಗಿರಬಹುದು. ಇಂಗ್ಲಿಷಿನಲ್ಲಿ ಅಚ್ಚಾದ ಪ್ರಶ್ನಾವಳಿಯು ಅವನ ಮುಂದೆ ಬಂದಾಗ ಅವನು ತಬ್ಬಿಬ್ಬಾದರೆ, ಅಳೆಯಲ್ಪಟ್ಟುದು ಅವನ ಇಂಗ್ಲಿಷೇ ಹೊರತು ಅರಿವಲ್ಲ. ಹಂಚಿಕೊಂಡು ಬಾಳುವ ವಿದ್ಯೆಯನ್ನು ಹುಟ್ಟಿನಿಂದ ಬಲ್ಲವನಿಗೆ ಸೊನ್ನೆಯೂ, ಶಬ್ದಗಳನ್ನು ಕಂಠಪಾಠಮಾಡಿದವನಿಗೆ ಪೂರ್ಣಾಂಕವೂ ದೊರೆತರೆ ಕೊಳಗವೇ ಸುಳ್ಳಾಯಿತು. ಆದುದರಿಂದ ಪ್ರಶ್ನೆಗಳು ಕನ್ನಡದಲ್ಲಿಯೂ ಇರತಕ್ಕವು. ಧ್ರುವಪ್ರದೇಶದ ಹಿಮದ ಮಾತಿನ ಜೊತೆಗೆ ನಾಡಿನ ಕೆರೆಗಳ ಮಾತೂ ಅವುಗಳಲ್ಲಿ ಬರತಕ್ಕುದು. ಕೆಂಪೇಗೌಡ ಬಸ್ ನಿಲ್ದಾಣವು ಇರುವ ಕಡೆಯಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತೆಂಬುದನ್ನೂ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯು ಮಲ್ಲೇಶ್ವರದ ಮಗ್ಗುಲಲ್ಲಿ ಇಂದಿಗೂ ಉಳಿದಿರುವುದನ್ನೂ ಬಲ್ಲ ವಿದ್ಯಾರ್ಥಿಯು, ಒಂದು ಅಳಿದು ಮತ್ತೊಂದು ಉಳಿದುದೇಕೆ ಎಂದು ಕೇಳುವುದಕ್ಕೆ ತೊಡಗುವನು. ಆ ಕೇಳ್ವಿಯೇ ಅರಿವಿನ ಮೊಳಕೆಯು.

ಲೆಕ್ಕಹಾಕಿ ಉತ್ತರಿಸಬೇಕಾದ ಪ್ರಶ್ನೆಗಳೂ ಇರಬೇಕು. ಉದಾಹರಣೆಗೆ: 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಮೇಲೆ ಬೀಳುವ ಮಳೆಯು ಐದು ಮಂದಿಯ ಸಂಸಾರಕ್ಕೆ ಸಾಕಾದೀತೆ? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 97 ಸೆಂಟಿಮೀಟರು ಮಳೆಯಾಗುವುದು. ಆ ನಿವೇಶನದ ಮೇಲೆ ಬೀಳುವ ನೀರು ಸುಮಾರು 1,08,000 ಲೀಟರು. ಐದರಲ್ಲೊಂದು ಪಾಲು ಪೋಲಾದರೂ 86,000 ಲೀಟರು ಮಿಕ್ಕುವುದು. ತಲೆಗೆ ದಿನಕ್ಕೆ 135 ಲೀಟರಿನಂತೆ ಆ ಸಂಸಾರಕ್ಕೆ ವರ್ಷಕ್ಕೆ ಬೇಕಾದುದು 2,46,000 ಲೀಟರು. ಎಂದರೆ ಮಳೆಯು ಮೂರರಲ್ಲೊಂದು ಪಾಲನ್ನು ಒದಗಿಸಬಲ್ಲದು. ಮಳೆನೀರೇ ಎಲ್ಲಕ್ಕೂ ಸಾಕೆನ್ನುವವನೂ, ಅದರಿಂದೇನಾದೀತೆಂದು ಹಗುರಮಾಡುವವನೂ ಇಬ್ಬರೂ ತಪ್ಪಿದರು. 2009ರಿಂದ ನಗರದಲ್ಲಿ ಇಂತಹ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರಿನ ಸಂಗ್ರಹವು ಕಡ್ಡಾಯವಾದುದೇಕೆ ಎಂಬುದು ಈ ಲೆಕ್ಕವನ್ನು ಮಾಡಿದವನಿಗೆ ತಾನಾಗಿಯೇ ಹೊಳೆಯುವುದು.

ಕಡೆಯದಾಗಿ ನಡತೆಯ ಮಾತು. ನೀನು ನೀರನ್ನು ಮಿತವಾಗಿ ಬಳಸುವೆಯಾ ಎಂದು ಕೇಳಿದರೆ ಇಲ್ಲವೆನ್ನುವವರು ಯಾರು? ನಡತೆಯನ್ನು ಬಾಯಿಂದ ಕೇಳಿ ಅಳೆಯಲಾಗದು. ತಕ್ಕಡಿಯಿಂದಲೂ ಮಾಪಕದಿಂದಲೂ ಅಳೆಯಬೇಕು. 200 ವಿದ್ಯಾರ್ಥಿಗಳುಳ್ಳ ಪ್ರಸಾದನಿಲಯವೊಂದರಲ್ಲಿ ಒಬ್ಬೊಬ್ಬನು ಹೊತ್ತಿಗೆ 50 ಗ್ರಾಮಿನಷ್ಟು ಅನ್ನವನ್ನು ಬಿಟ್ಟೆದ್ದನೆಂದು ಎಣಿಸಿದರೆ, ಎರಡು ಹೊತ್ತಿಗೆ 20 ಕಿಲೋ. 300 ದಿನಗಳಿಗೆ 60 ಕ್ವಿಂಟಾಲು ಬೆಂದ ಅನ್ನವು ಹಾಳಾಯಿತು. ಅದು ಯಾರ ಕಾಯಕದ ಫಲ? ಮಠದ ಕಣಜಕ್ಕೆ ಭಕ್ತಿಯಿಂದ ಧಾನ್ಯವನ್ನು ತಂದು ಸುರಿದ ಒಕ್ಕಲಿನದು. ಬಿಟ್ಟ ಪ್ರಸಾದವನ್ನು ವಾರಕ್ಕೊಮ್ಮೆ ತೂಗಿ, ನೀರಿನ ಮಾಪಕವನ್ನು ತಿಂಗಳಿಗೊಮ್ಮೆ ಓದಿ, ಹಲಗೆಯ ಮೇಲೆ ಬರೆದಿಟ್ಟರೆ ಅದಕ್ಕಿಂತ ನಿಷ್ಠುರವಾದ ಪರೀಕ್ಷಕನು ಬೇರೊಬ್ಬನಿಲ್ಲ. ಪಾಠಕ್ಕೆ ಮೊದಲೊಮ್ಮೆ, ಪಾಠವು ಮುಗಿದ ಮೇಲೊಮ್ಮೆ, ವರ್ಷವು ಕಳೆದ ಮೇಲೆ ಇನ್ನೊಮ್ಮೆ ಅಳೆದರೆ, ಬೋಧನೆಯು ಉಳಿಯಿತೋ ಅಳಿಯಿತೋ ತಿಳಿದುಬರುವುದು.

ಇಂತಹ ಅಳತೆಯ ಉದ್ದೇಶವು ವಿದ್ಯಾರ್ಥಿಗಳನ್ನು ಹೀಯಾಳಿಸುವುದಾಗಬಾರದು. ಅಂಕಗಳು ಕಡಮೆಯಾದುವೆಂದರೆ ಬೋಧಿಸಿದವರೂ ಬೋಧನೆಯ ಕ್ರಮವೂ ಪರೀಕ್ಷೆಗೆ ಒಳಗಾದುವೆಂದೇ ಅರ್ಥ. ತನ್ನ ಛಾವಣಿಯ ಮಳೆಯನ್ನು ಚರಂಡಿಗೆ ಬಿಟ್ಟು, ತರಗತಿಯಲ್ಲಿ ಮಳೆನೀರಿನ ಮಹಿಮೆಯನ್ನು ಹೇಳುವ ಸಂಸ್ಥೆಯಿಂದ ಎಳೆಯರು ಕಲಿಯುವುದು ಮಾತನ್ನಲ್ಲ, ಆ ನಡತೆಯನ್ನೇ.

2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ನೀರಿಗಾಗಿ ಕಾದು ನಿಂತುದನ್ನು ಯಾರೂ ಮರೆತಿರಲಾರರು. ಇಂದು ಕಾಲೇಜಿನಲ್ಲಿರುವವರೇ ನಾಳೆ ಇಂಜಿನಿಯರುಗಳೂ, ಅಧಿಕಾರಿಗಳೂ, ವರ್ತಕರೂ, ಗೃಹಿಣಿಯರೂ, ಉಪಾಧ್ಯಾಯರೂ ಆಗತಕ್ಕವರು. ಕೆರೆಯನ್ನು ಮುಚ್ಚುವ ಕಾಗದಕ್ಕೆ ರುಜು ಹಾಕುವ ಕೈಯೂ, ಹಾಕಲೊಲ್ಲೆನೆನ್ನುವ ಕೈಯೂ ಅವರವೇ. ಅರಿವು ಆಚಾರಗಳು ಬೇರೆಬೇರೆಯಾಗಬಾರದೆಂಬುದು ಶರಣರ ಮಾರ್ಗದಲ್ಲಿ ನಡೆಯುವವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಅರಿವನ್ನು ಸರಿಯಾದ ಪ್ರಶ್ನೆಗಳಿಂದಲೂ, ಆಚಾರವನ್ನು ತಕ್ಕಡಿಯಿಂದಲೂ ಅಳೆದು, ಕೊರತೆಯಿದ್ದಲ್ಲಿ ತುಂಬಿಕೊಡುವ ಕಾರ್ಯವು ಶ್ರೀಮಠದ ಪ್ರಸಾದನಿಲಯದಿಂದಲೇ ಮೊದಲಾಗಲಿ. ಮುಂದಿನ ಮಹೋತ್ಸವಕ್ಕೆ ನೆರೆಯುವ ಮಕ್ಕಳಿಗೆ ಬಿತ್ತನೆಯ ಬೀಜವು ಉಳಿದಿರಲಿ.