ಬೆಳ್ಳೂರಿನ ಮೇಷ್ಟ್ರು



ಕೋಲಾರದಲ್ಲಿ ನಿಂತು ಯೋಗದ ಮಾತಾಡುವವರು ಬೆಳ್ಳೂರನ್ನು ದಾಟಿ ಹೋಗುವಂತಿಲ್ಲ. ಈ ಜಿಲ್ಲೆಯ ಆ ಊರಿನಲ್ಲಿ, ಇನ್‌ಫ್ಲುಯೆಂಜಾ ಮನೆಮನೆಗೂ ನುಗ್ಗಿದ್ದ 1918ರ ಡಿಸೆಂಬರ್ 14ರಂದು, ಶಾಲಾ ಮೇಷ್ಟ್ರು ಕೃಷ್ಣಮಾಚಾರ್ ಮತ್ತು ಶೇಷಮ್ಮನವರಿಗೆ ಹನ್ನೊಂದನೆಯ ಮಗು ಹುಟ್ಟಿತು. ಕಡ್ಡಿಯಂಥ ಕೈಕಾಲು. ಒಂಬತ್ತು ತುಂಬುವಷ್ಟರಲ್ಲಿ ತಂದೆ ಇಲ್ಲ. ಮಲೇರಿಯಾ, ವಿಷಮಶೀತ ಜ್ವರ, ಕ್ಷಯ ಎಲ್ಲವೂ ಬಂದುಹೋದವು. ಲೋಕ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಕರೆದದ್ದು ಈ ಹುಡುಗನನ್ನೇ.

ಅವರ ಪ್ರಶಸ್ತಿಗಳ ಪಟ್ಟಿಯನ್ನು ಸ್ವಾಗತ ಭಾಷಣದಲ್ಲೇ ಕೇಳಿದ್ದೀರಿ. ನನಗೆ ಅವರು ಪಾಠ ಹೇಳಿದ ರೀತಿಯ ಬಗ್ಗೆ ಮಾತಾಡಬೇಕಿದೆ.

1934ರಲ್ಲಿ ಹುಡುಗ ಮೈಸೂರಿಗೆ ಹೋದ. ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಭಾವನವರಿಗೆ ಈ ಸೊರಗಿದ ಮೈ ಮೇಲೆ ಭರವಸೆಯೇ ಇರಲಿಲ್ಲ. ನೆಚ್ಚಿನ ಶಿಷ್ಯನೊಬ್ಬ ಹೇಳದೆ ಕೇಳದೆ ಹೊರಟುಹೋದಾಗ, ಪ್ರದರ್ಶನಕ್ಕೆ ಆಳು ಬೇಕೆಂದು ಇವನನ್ನು ಎಳೆದು ನಿಲ್ಲಿಸಿದರು. 1937ರಲ್ಲಿ ಯೋಗ ಕಲಿಸಲು ಪುಣೆಯ ಡೆಕ್ಕನ್ ಜಿಮ್‌ಖಾನಾಕ್ಕೆ ಕಳಿಸಿದರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಎದುರಿಗೆ ತನಗಿಂತ ದೊಡ್ಡವರು, ಓದಿದವರು. ಮಾತು ಕೈಕೊಡುವ ಕಡೆ ಮೇಷ್ಟ್ರಿಗೆ ಉಳಿಯುವುದು ಕಣ್ಣು. ಆ ಕಣ್ಣು ಅಲ್ಲೇ ಪಳಗಿತೆಂದು ನನ್ನ ಊಹೆ.

1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಇವರಿಗೆ ಕೊಟ್ಟ ಸಮಯ ಐದೇ ನಿಮಿಷ. ಇವರು ಮಲಗಿಸಿದರು, ದಣಿದಿದ್ದ ಆತ ನಿದ್ದೆಹೋದ. ಎದ್ದಾಗ ಐದು ನಿಮಿಷ ಎಂದೋ ಕಳೆದಿತ್ತು. 1954ರಲ್ಲಿ ಸ್ವಿಟ್ಜರ್ಲೆಂಡಿನ ಗ್‌ಸ್ಟಾಡ್‌ಗೆ ಕರೆಸಿಕೊಂಡ ಮೆನುಹಿನ್, ತನ್ನ ಅತ್ಯುತ್ತಮ ಯೋಗಗುರುವಿಗೆ ಎಂದು ಕೆತ್ತಿಸಿ ಕೈಗಡಿಯಾರ ಕೊಟ್ಟರು. ಅದೇ ಕಾಲದ ಲಂಡನ್ನಿನಲ್ಲಿ ಗಾಜು ತಿನ್ನುತ್ತೀರಾ ಎಂದು ಕೇಳಿದವರೂ ಇದ್ದರು. ಗಾಜು ತಿನ್ನುವ ಯೋಗಿಯಾಗಿದ್ದರೆ ಬೇಗ ದುಡ್ಡಾಗುತ್ತಿತ್ತೋ ಏನೋ. ಇವರು ಪಾದ ನೋಡಿದರು, ಮಂಡಿ ನೋಡಿದರು. ಎಂಬತ್ತು ದಾಟಿದ ಬೆಲ್ಜಿಯಂನ ರಾಣಿ ಎಲಿಸಬೆತ್ ಅವರಿಗೆ ಶೀರ್ಷಾಸನ ಹೇಳಿಕೊಟ್ಟರು.

ಈಗ ನನ್ನ ಪಕ್ಕದಲ್ಲಿರುವ ಈ ಇಟ್ಟಿಗೆ. ಇದೇನು, ಅಧ್ಯಕ್ಷರು ಶಂಕುಸ್ಥಾಪನೆಗೆ ಬಂದರೇ ಎಂದು ಮುಂದಿನ ಸಾಲಿನವರು ಆಗಲೇ ನಕ್ಕಿರಿ. ತ್ರಿಕೋನಾಸನದಲ್ಲಿ ಬಲಕ್ಕೆ ಬಾಗುತ್ತೀರಿ. ಬೆರಳು ನೆಲ ಮುಟ್ಟದು. ಮುಟ್ಟಿಸಲೇಬೇಕೆಂದು ಇಳಿದರೆ ಎದೆ ನೆಲದ ಕಡೆ ತಿರುಗುತ್ತದೆ, ಎಡಪಾದದ ಹೊರ ಅಂಚು ಮೇಲೇಳುತ್ತದೆ, ಉಸಿರು ಕಟ್ಟುತ್ತದೆ. ಕೈಯ ಕೆಳಗೆ ಇಟ್ಟಿಗೆ ನಿಲ್ಲಿಸಿ ನೋಡಿ: ಪಕ್ಕೆ ಉದ್ದವಾಗುತ್ತದೆ, ಎದೆ ತೆರೆದುಕೊಳ್ಳುತ್ತದೆ. ನೆಲವೇ ಒಂದು ಗೇಣು ಮೇಲೆ ಬಂದ ಹಾಗೆ. ಇಟ್ಟಿಗೆ, ಹಗ್ಗ, ಪಟ್ಟಿ, ಕಂಬಳಿ, ಮಡಚುವ ಕುರ್ಚಿ, ಇವೇ ಅವರ ಸಲಕರಣೆ. ಕಾಯಿಲೆಯ ಮೈ ಹೊತ್ತು ಬೆಳೆದವರಿಗೆ ಬಾಗದ ಮೈಯ ಕಷ್ಟ ಗೊತ್ತಿತ್ತು. 1966ರ ‘ಲೈಟ್ ಆನ್ ಯೋಗ’ದಲ್ಲಿ ಅವರ ನೂರಾರು ಚಿತ್ರಗಳಿವೆ, ಅವನ್ನು ನೋಡಿ ಹೆದರಿದವರಿಗೆ ನಾನು ಈ ಇಟ್ಟಿಗೆ ತೋರಿಸುತ್ತೇನೆ. ಅರವತ್ತರ ವಯಸ್ಸಿನಲ್ಲಿ, 1979ರಲ್ಲಿ, ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜಕ್ಕೆ ಪೆಟ್ಟಾದಾಗ ಅವರೂ ಮತ್ತೆ ಮೊದಲಿಂದ ಕಲಿತರು.

ಮುಚ್ಚಿಡಬಾರದ ಮಾತೊಂದಿದೆ. ಅವರು ತರಗತಿಯಲ್ಲಿ ಕೂಗುತ್ತಿದ್ದರು, ಹೊಡೆಯುತ್ತಿದ್ದರು. ಅವರ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಿಗೆ ಹೊಡೆ, ಒದೆ, ಬಾರಿಸು ಎಂದು ಶಿಷ್ಯರೇ ಅರ್ಥ ಕಟ್ಟಿ ನಗುತ್ತಿದ್ದರು. ಅದು ಮೈಸೂರಿನ ಗುರುವಿನಿಂದ ಬಂದ ಬಳುವಳಿ ಇರಬಹುದು. ನಾನೂ ಸೇವೆಗೆ ಸೇರಿದ ಹೊಸತರಲ್ಲಿ ಹುಡುಗನೊಬ್ಬನ ಮಂಡಿಯನ್ನು ಒತ್ತಿ ಕೂರಿಸಿದವನು. ಅವನು ಮಾರನೇ ದಿನದಿಂದ ಬರಲಿಲ್ಲ. ಅಯ್ಯಂಗಾರರ ಕಣ್ಣನ್ನು ಕಲಿಯೋಣ, ಕೈಯನ್ನು ಅಲ್ಲೇ ಬಿಡೋಣ.

ಪತ್ನಿ ರಮಾಮಣಿ 1973ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1975ರಲ್ಲಿ ಪುಣೆಯಲ್ಲಿ ಸಂಸ್ಥೆ ತೆರೆಯಿತು. ಅಲ್ಲಿಗೆ ಈಗ ಹೊರದೇಶದವರು ಬಂದು ಕಲಿಯುತ್ತಾರೆ. ಬೆಳ್ಳೂರಿಗೂ ತಂದೆತಾಯಿಯರ ಹೆಸರಿನ ಟ್ರಸ್ಟಿನಿಂದ ಶಾಲೆ, ಆಸ್ಪತ್ರೆ ಬಂದವು, ಪತಂಜಲಿಗೊಂದು ಗುಡಿಯೂ ಆಯಿತು. 2014ರ ಆಗಸ್ಟ್ 20ರಂದು ಅವರು ತೀರಿಕೊಂಡಾಗ ತೊಂಬತ್ತೈದು ವಯಸ್ಸು.

ಯೋಗ ದಿನವಾದ ಜೂನ್ 21ರಂದು ನಾವು ಮೈದಾನದಲ್ಲಿ ಸಾವಿರ ಜನರನ್ನು ನಿಲ್ಲಿಸಿ ಮೈಕಿನಲ್ಲಿ ಎಣಿಸುತ್ತೇವೆ. ಫೋಟೊ ಚೆನ್ನಾಗಿ ಬರುತ್ತದೆ. ಹಿಂದಿನ ಸಾಲಿನ ಅಜ್ಜಿಯ ಹಿಮ್ಮಡಿ ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ. ಅದಕ್ಕೇ ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಬೇಡವೆಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ. ಮಂಡಿನೋವಿರುವ ಹನ್ನೆರಡು ಜನ ಊಟ ಹಗುರ ಮಾಡಿ ಬನ್ನಿ. ಮುಂದಿನ ಸಾಲಿನ ಗಣ್ಯರು ದಯವಿಟ್ಟು ನಿಮ್ಮ ಮಡಚುವ ಕುರ್ಚಿಗಳನ್ನು ಬಿಟ್ಟುಕೊಡಿ. ಇಟ್ಟಿಗೆ ನಾನು ತಂದಿದ್ದೇನೆ.